ಸಂತೆ ಚೀಲದ ಲೆಕ್ಕ

ಮನೆಖರ್ಚು ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ತರಕಾರಿ ಚೀಲಕ್ಕೆ. ಅರ್ಧ ಕೆ.ಜಿ. ಬೀನ್ಸ್ ಕಾಲು ಕೆ.ಜಿ.ಗೆ ಇಳಿಯುತ್ತದೆ, ಹಣ್ಣು ಹಬ್ಬಹರಿದಿನಕ್ಕೆ ಮಾತ್ರ ಎಂದಾಗುತ್ತದೆ, ಸೊಪ್ಪಿನ ಬುಟ್ಟಿ ಹೊತ್ತು ಬಂದವಳ ಜೊತೆ ಎರಡು ರೂಪಾಯಿಗೆ ಚೌಕಾಸಿ ನಡೆಯುತ್ತದೆ. ದುಡ್ಡು ಸೋರುವುದು ಮಾತ್ರ ಬೇರೆ ಕಡೆ. ಕೇಂದ್ರ ಸರ್ಕಾರದ 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರದ ಕುಟುಂಬಗಳ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಶೇ 39.68, ಹಳ್ಳಿಗಳಲ್ಲಿ ಶೇ 47.04. ಈ ಆಹಾರದ ಖರ್ಚನ್ನು ಬಿಡಿಸಿ ನೋಡಿದರೆ ಎರಡೂ ಕಡೆ ಮೊದಲ ಸ್ಥಾನದಲ್ಲಿರುವುದು ಅಕ್ಕಿಯಲ್ಲ, ಹಾಲಲ್ಲ, ತರಕಾರಿಯಲ್ಲ. ಪಾನೀಯ, ಕುರುಕಲು, ಸಂಸ್ಕರಿಸಿದ ತಿನಿಸು, ಹೊರಗಿನ ಊಟ-ತಿಂಡಿ ಎಲ್ಲ ಸೇರಿದ ಬಾಬ್ತು. ನಗರದವರು ಊಟಕ್ಕೆಂದು ತೆರುವ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 28 ಇದಕ್ಕೇ ಹೋಗುತ್ತದೆ. ತರಕಾರಿಗೆ ಹೋಗುವುದು ಹತ್ತರ ಆಸುಪಾಸು. ಉಳಿತಾಯ ಮಾಡಹೊರಟವರು ಹತ್ತು ರೂಪಾಯಿಯನ್ನು ಹಿಂಡಿ ಇಪ್ಪತ್ತೆಂಟನ್ನು ಹಾಗೇ ಬಿಡುವುದು ಎಲ್ಲೆಡೆ ಕಾಣುವ ವಿಚಿತ್ರ.

ಇನ್ನೊಂದು ಲೆಕ್ಕವೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ವಯಸ್ಕರೊಬ್ಬರ ಒಂದು ದಿನದ ತಟ್ಟೆಯನ್ನು ತೂಕದಲ್ಲಿ ಹೇಳಲಾಗಿದೆ: ಧಾನ್ಯ 250 ಗ್ರಾಂ, ಕಾಳು-ಬೇಳೆ ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಜೊತೆಗೆ ಹಾಲು-ಮೊಸರು, ಒಂದಿಷ್ಟು ಕಡಲೆಬೀಜ-ಎಳ್ಳಿನಂಥವು, ಅಳತೆಯ ಎಣ್ಣೆ. ತರಕಾರಿಯ ಅಂಕಿಯನ್ನು ನಾಲ್ಕು ಜನರ ಮನೆಗೆ ಹಿಗ್ಗಿಸಿದರೆ ದಿನಕ್ಕೆ 1.6 ಕೆ.ಜಿ., ವಾರಕ್ಕೆ 11 ಕೆ.ಜಿ. ಮೇಲಾಯಿತು. ಬೀನ್ಸ್, ಕ್ಯಾಪ್ಸಿಕಂ, ಹೂಕೋಸುಗಳಿಂದಲೇ ಇಷ್ಟು ತೂಕ ತುಂಬಿಸುವುದು ಮಧ್ಯಮ ವರ್ಗಕ್ಕೂ ಭಾರವೇ. ಸೊಪ್ಪು, ಸೋರೆ, ಕುಂಬಳ, ಮೂಲಂಗಿ, ಹೀರೆಯಿಂದಾದರೆ ಆಗದ ಮಾತಲ್ಲ. ಆರೋಗ್ಯಕರ ಊಟ ದುಬಾರಿ ಎಂಬ ದೂರು ಅರ್ಧ ನಿಜ. ಯಾವ ತರಕಾರಿ, ಯಾವ ತಿಂಗಳಲ್ಲಿ ಎಂಬುದರ ಮೇಲೆ ಉಳಿದರ್ಧ ನಿಂತಿದೆ.

ತಿಂಗಳ ಮಾತಿಗೆ ಟೊಮೆಟೊಗಿಂತ ಒಳ್ಳೆಯ ಸಾಕ್ಷಿ ಇಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತು, ಅಂಗಡಿಗಳಲ್ಲಿ ಕೆ.ಜಿ.ಗೆ ನೂರರ ಮೇಲೆ. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ಟೊಮೆಟೊ ಬೆಳೆ ಎರಡೂವರೆ-ಮೂರು ತಿಂಗಳಲ್ಲಿ ಕೈಗೆ ಬರುವುದರಿಂದ, ಬೆಲೆ ಏರಿದೊಡನೆ ನಾಟಿ ಮಾಡಿದವರ ಫಸಲೆಲ್ಲ ಒಟ್ಟಿಗೇ ಮಾರುಕಟ್ಟೆಗೆ ಬಂದು ಬೀಳುತ್ತದೆ. ಹಾಗಾಗಿ ಟೊಮೆಟೊ ಗಗನಕ್ಕೇರಿದೆ ಎಂದು ಕಂಗಾಲಾಗುವ ಕಾರಣವಿಲ್ಲ. ಕೆಲವು ವಾರ ಹುಳಿಗೆ ಬೇರೆ ದಾರಿ ಹಿಡಿದರಾಯಿತು. ಹುಣಸೆ ಇದ್ದೇ ಇದೆ. ಮಲೆನಾಡಿನಲ್ಲಿ ಅಮಟೆ, ಕರಾವಳಿಯಲ್ಲಿ ಬಿಂಬುಳಿ ಮತ್ತು ಪುನರ್ಪುಳಿ, ಬಯಲುಸೀಮೆಯಲ್ಲಿ ಮಾವಿನಕಾಯಿ, ಉತ್ತರ ಕರ್ನಾಟಕದಲ್ಲಿ ಪುಂಡಿ ಸೊಪ್ಪು ಇದೇ ಕೆಲಸ ಮಾಡುತ್ತವೆ. ಶ್ರಾದ್ಧದ ಅಡುಗೆಯಲ್ಲಿ ಇವತ್ತಿಗೂ ಟೊಮೆಟೊ, ಆಲೂಗಡ್ಡೆ, ಎಲೆಕೋಸು ಬಳಸದ ಮನೆಗಳುಂಟು. ಅಂದು ಬಡಿಸುವ ಸಾರಿಗೆ ಟೊಮೆಟೊ ಇಲ್ಲವೆಂದು ಯಾರೂ ಮುಖ ಸಿಂಡರಿಸುವುದಿಲ್ಲ.

ಚಳಿಗಾಲ ತರಕಾರಿ ಕೊಳ್ಳುವವರ ಸುಗ್ಗಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕ್ಯಾರೆಟ್, ಬಟಾಣಿ, ಮೂಲಂಗಿ, ಹೂಕೋಸು, ಮೆಂತ್ಯ, ಪಾಲಕ್ ಎಲ್ಲವೂ ಎಳೆಯದಾಗಿ, ಅಗ್ಗವಾಗಿ ಬರುತ್ತವೆ. ಬೆಂಗಳೂರು, ರಾಮನಗರ, ತುಮಕೂರು, ಮೈಸೂರಿನ ಕಡೆ ಧನುರ್ಮಾಸ ಎಂದರೆ ಅವರೆಕಾಯಿ. ಮಾಗಡಿ ಕಡೆಯ ಸೊಗಡಿನ ಕಾಯಿ ಬಂದ ದಿನ ಬೀದಿಗೆಲ್ಲ ವಾಸನೆ. ಈ ದಿನಗಳಲ್ಲಿ ಬೇಳೆಯ ಖರ್ಚನ್ನೂ ಅವರೆ ಹೊರುತ್ತದೆ: ಸಾರಿಗೆ, ಉಪ್ಪಿಟ್ಟಿಗೆ, ರೊಟ್ಟಿಗೆ, ಹಿದುಕಿದ ಬೇಳೆಗೆ ಎಲ್ಲಕ್ಕೂ ಅದೇ. ಬೇಸಿಗೆಯಲ್ಲಿ ಸೌತೆ, ಕಲ್ಲಂಗಡಿ, ಕರಬೂಜ, ಆಮೇಲೆ ಮಾವು, ಹಲಸು. ಜಡಿಮಳೆಯ ವಾರಗಳಲ್ಲಿ ಸೊಪ್ಪು ಹೊಲದಲ್ಲೇ ಕೊಳೆಯುವುದರಿಂದ ಬೆಲೆ ಏರಿ ಗುಣ ಇಳಿಯುತ್ತದೆ. ಆಗ ಸೋರೆ, ಪಡವಲ, ಕುಂಬಳ, ಗೆಡ್ಡೆಗಳತ್ತ ತಿರುಗುವುದು ಲೇಸು. ಶ್ರಾವಣ ಹಿಡಿದು ದೀಪಾವಳಿವರೆಗೆ ಇನ್ನೊಂದು ಏರಿಳಿತ ಇದೆ. ವರಮಹಾಲಕ್ಷ್ಮಿಗೆ ಏಲಕ್ಕಿ ಬಾಳೆ, ಆಯುಧಪೂಜೆಗೆ ಬೂದುಗುಂಬಳ ಹೇಳಿದ್ದೇ ಬೆಲೆ. ಬೂದುಗುಂಬಳ ಗಟ್ಟಿ ಸಿಪ್ಪೆಯದಾದ್ದರಿಂದ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಕಾದವರು ಹಬ್ಬಕ್ಕೆ ಮೂರು ವಾರ ಮೊದಲೇ ತಂದಿಡಬಹುದು.

ಹಣ್ಣಿನಲ್ಲಿ ಜನ ಕೊಡುವ ಬೆಲೆಗೂ ಹಣ್ಣಿನೊಳಗಿನ ಸತ್ವಕ್ಕೂ ಸಂಬಂಧವೇ ಇಲ್ಲ ಎನ್ನಬಹುದು. ರೋಗಿಯನ್ನು ನೋಡಲು ಹೋಗುವಾಗ ಸೇಬು ಒಯ್ಯುವುದು ವಾಡಿಕೆ. ನೂರು ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ಆಸುಪಾಸು ಸಿ ಜೀವಸತ್ವ ಇದ್ದರೆ ಸೇಬಿನಲ್ಲಿ ಹತ್ತರಷ್ಟೂ ಇಲ್ಲ. ಪರಂಗಿ, ಪಚ್ಚಬಾಳೆ, ನೆಲ್ಲಿಕಾಯಿ, ನೇರಳೆ, ಸೀತಾಫಲ ಎಲ್ಲವೂ ಅವುಗಳ ಕಾಲದಲ್ಲಿ ಸಲೀಸಾಗಿ ಕೈಗೆಟಕುತ್ತವೆ. ಏಲಕ್ಕಿ ಬಾಳೆಗೆ ರುಚಿಯ ಬೆಲೆ ಇದೆ, ಒಪ್ಪಬೇಕು. ಮಕ್ಕಳ ಹೊಟ್ಟೆ ತುಂಬುವ ಲೆಕ್ಕದಲ್ಲಿ ಪಚ್ಚಬಾಳೆಯೂ ಅಷ್ಟೇ ಒಳ್ಳೆಯದು. ಹಣ್ಣಿನ ರಸದ ಡಬ್ಬಿಗಳನ್ನು ಹಣ್ಣಿನ ಪಟ್ಟಿಗೆ ಸೇರಿಸಲೇಬಾರದು. ನಾರು ಹೋಗಿ ಸಕ್ಕರೆ ಉಳಿದ ನೀರಿಗೆ ಹಣ್ಣಿಗಿಂತ ಹೆಚ್ಚು ತೆರುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಎಲ್ಲಿ ಕೊಳ್ಳಬೇಕು ಎಂಬುದು ಊರಿನ ಮೇಲೆ ಹೋಗುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ, ಹೋಬಳಿಗಳಲ್ಲಿ ವಾರದ ಸಂತೆಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಬೆಳಗಿನ ಸಂತೆಯಲ್ಲಿ ಆಯ್ಕೆ ಹೆಚ್ಚು, ಸಂಜೆಯ ಸಂತೆಯಲ್ಲಿ ಬೆಲೆ ಕಡಿಮೆ. ದೂರದೂರಿಂದ ಬಂದವರು ಉಳಿದ ಸರಕನ್ನು ಬಸ್ಸಿಗೆ ಹೇರಿ ವಾಪಸು ಒಯ್ಯುವ ಬದಲು ಗುಡ್ಡೆ ಹಾಕಿ ಕೂಗಿ ಮಾರುತ್ತಾರೆ. ಆ ಗುಡ್ಡೆಯ ಮೇಲಿನ ಸಾಲು ಚೆಂದ ಕಾಣುತ್ತದೆ. ಕೆಳಗಿನದನ್ನು ಒಮ್ಮೆ ತಿರುವಿ ನೋಡುವುದು ಕೊಳ್ಳುವವರ ಹಕ್ಕು. ಸಂಜೆ ಕೊಳ್ಳಲು ಹೋಗುವವರು ಬೇಗ ಬಾಡುವ ಸೊಪ್ಪನ್ನು ಆ ರಾತ್ರಿಗೋ ಮರುದಿನಕ್ಕೋ ಆಗುವಷ್ಟು ತೆಗೆದುಕೊಂಡು, ಬದನೆ, ಗೋರಿಕಾಯಿ, ಸೀಮೆಬದನೆಯಂಥ ತಡೆದುಕೊಳ್ಳುವ ತರಕಾರಿಗಳಿಗೆ ಹೆಚ್ಚು ದುಡ್ಡು ಹಾಕಬಹುದು. ಸಂತೆಯಲ್ಲಿ ಕಾಯಂ ಗಿರಾಕಿಯಾಗುವುದರ ಬೆಲೆ ಚೌಕಾಸಿಗಿಂತ ದೊಡ್ಡದು. ವಾರವಾರ ಅದೇ ಜಾಗದಲ್ಲಿ ನಿಂತು ಕೊಳ್ಳುವವರಿಗೆ ಕೇಳದೆಯೇ ಕೊಸರು ಬೀಳುತ್ತದೆ: ಒಂದು ಹಿಡಿ ಹಸಿಮೆಣಸು, ಎರಡು ಎಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ. ಇದನ್ನೇ ಅಂಗಡಿಯಲ್ಲಿ ಬೇರೆಬೇರೆಯಾಗಿ ಕೊಂಡರೆ ಬಿಲ್ಲು ಎಷ್ಟಾಗುತ್ತದೆಂದು ನಗರದವರಿಗೆ ಗೊತ್ತು.

ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ ಹಾಪ್‌ಕಾಮ್ಸ್ ಇದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ, ತೋಟಗಾರಿಕೆಯ ಹಿರಿಯ ಡಾ. ಎಂ.ಎಚ್. ಮರಿಗೌಡರ ಪ್ರಯತ್ನದಿಂದ ಶುರುವಾದ ಸಂಸ್ಥೆ ಇದು. ರೈತರಿಂದ ನೇರ ಕೊಂಡು ಮಳಿಗೆಗಳಲ್ಲಿ ಮಾರುತ್ತದೆ. ದಿನದ ದರಪಟ್ಟಿ ಹಾಕುತ್ತದೆ. ಅಲ್ಲಿನ ದರ ಯಾವಾಗಲೂ ಎಲ್ಲಕ್ಕಿಂತ ಕಡಿಮೆ ಎಂದು ಹೇಳಲಾಗದು, ಕೆಲವೊಮ್ಮೆ ತಳ್ಳುಗಾಡಿಯದೇ ಅಗ್ಗ. ಆದರೆ ಆ ದರಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿ ಹೊರಟವರಿಗೆ ಬೇರೆಲ್ಲೂ ಮೋಸ ಹೋಗದಷ್ಟು ಅಂದಾಜು ಸಿಗುತ್ತದೆ. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ತೆಂಗಿನಕಾಯಿಯಂಥವನ್ನು ಸಗಟು ಮಾರುಕಟ್ಟೆಯಿಂದ ತಂದು ಮೂರು ನಾಲ್ಕು ಮನೆಯವರು ಹಂಚಿಕೊಳ್ಳುವುದು ಅಪಾರ್ಟ್‌ಮೆಂಟುಗಳಲ್ಲಿ ಸುಲಭವಾಗಿ ಆಗಬಹುದಾದ ಕೆಲಸ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ತಂದುಕೊಡುವ ಆ್ಯಪ್‌ಗಳ ತೊಂದರೆ ಬರೀ ಡೆಲಿವರಿ ಶುಲ್ಕದ್ದಲ್ಲ. ಕೊತ್ತಂಬರಿ ಸೊಪ್ಪಿಗೆಂದು ತೆರೆದ ಆ್ಯಪ್‌ನಲ್ಲಿ ಕನಿಷ್ಠ ಮೊತ್ತ ತುಂಬಲೆಂದು ಚಿಪ್ಸ್, ಬಿಸ್ಕತ್ತು ಸೇರಿಕೊಳ್ಳುತ್ತವೆ. ಕೊನೆಗೆ ಕೊತ್ತಂಬರಿಯೇ ಆ ಬಿಲ್ಲಿನ ಅತಿ ಚಿಕ್ಕ ಸಾಲು.

ವರ್ಷಕ್ಕೊಮ್ಮೆ ಕೊಳ್ಳುವ ಸಾಮಾನಿನ ಲೆಕ್ಕ ಬೇರೆ. ಹಿಂದಿನ ಮನೆಗಳಲ್ಲಿ ಸುಗ್ಗಿ ಮುಗಿದ ಮೇಲೆ ವರ್ಷದ ಸಾಮಾನು ತುಂಬಿಡುವ ಪದ್ಧತಿ ಇತ್ತು, ಅದಕ್ಕೆ ಕಾರಣವೂ ಇತ್ತು. ಕಲಬುರಗಿ ಸೀಮೆಯ ಹೊಸ ತೊಗರಿ ಡಿಸೆಂಬರ್ ಕೊನೆಯಿಂದ ಮಾರುಕಟ್ಟೆಗೆ ಇಳಿಯುತ್ತದೆ. ಬ್ಯಾಡಗಿಯಲ್ಲಿ ಹೊಸ ಮೆಣಸಿನಕಾಯಿಯ ಭರಾಟೆ ವರ್ಷದ ಮೊದಲ ತಿಂಗಳುಗಳಲ್ಲಿ. ತುಮಕೂರು ಕಡೆ ಹೊಸ ಹುಣಸೆ ಶಿವರಾತ್ರಿಯ ಆಚೀಚೆ. ಆ ಹೊತ್ತಿಗೆ ಕೊಂಡು, ನಾಲ್ಕು ದಿನ ಬಿಸಿಲಿಗೆ ಹಾಕಿ, ಒಣ ಡಬ್ಬಿಯಲ್ಲಿ ತುಂಬಿಟ್ಟರೆ ಮಳೆಗಾಲದ ಏರುಬೆಲೆಯ ಬಿಸಿ ತಟ್ಟುವುದಿಲ್ಲ. ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಕಾಳಿನ ನಡುವೆ ಒಣಗಿದ ಬೇವಿನೆಲೆ ಹಾಕುವುದು ಹುಳ ಹಿಡಿಯದಿರಲು ಮಾಡುತ್ತಿದ್ದ ಉಪಾಯಗಳು. ಇಂದಿಗೂ ಕೆಲಸ ಮಾಡುತ್ತವೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ವರ್ಷದ ದಾಸ್ತಾನು ಇಡಲಾಗದಿದ್ದರೆ ಮೂರು ತಿಂಗಳದಾದರೂ ಆದೀತು. ಒಮ್ಮೆಗೇ ಕೈಯಿಂದ ಬಿಡುವಷ್ಟು ದುಡ್ಡಿಲ್ಲದವರಿಗೆ ಈ ಸವಲತ್ತು ಸಿಗುವುದಿಲ್ಲ ಎಂಬುದು ನಿಜ. ಬಡವರು ಅದೇ ಬೇಳೆಗೆ ಹೆಚ್ಚು ತೆರುವುದು ಕಾಲು ಕೆ.ಜಿ. ಲೆಕ್ಕದಲ್ಲಿ ಕೊಳ್ಳಬೇಕಾಗಿ ಬರುವುದರಿಂದಲೇ.

ಧಾನ್ಯಗಳಲ್ಲಿ ರಾಗಿಯ ಮಾತು ಮೊದಲು ಬರಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಸುತ್ತಮುತ್ತ. ರಾಗಿಯಲ್ಲಿರುವುದೆಲ್ಲ ದೇಹಕ್ಕೆ ದಕ್ಕುವುದಿಲ್ಲ, ಅದರಲ್ಲಿನ ಫೈಟೇಟ್ ಸ್ವಲ್ಪವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ, ಹುಳಿಸಿ ಅಂಬಲಿ ಮಾಡಿದರೆ ಆ ಹಿಡಿತ ಸಡಿಲುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ಧಾನ್ಯ ಇದು, ಹಾಗಾಗಿ ಹೆಚ್ಚಾಗಿ ಕೊಂಡಿಟ್ಟರೂ ನಷ್ಟವಿಲ್ಲ. ರಾಗಿ ಕೊಂಡು, ಕಲ್ಲು ಆರಿಸಿ, ಮಿಲ್ಲಿಗೆ ಹಾಕಿಸಿದ ಹಿಟ್ಟು ಬಣ್ಣದ ಪೊಟ್ಟಣದ ಹಿಟ್ಟಿಗಿಂತ ಅಗ್ಗ, ತಾಜಾ ಕೂಡ. ಉತ್ತರದಲ್ಲಿ ಇದೇ ಜಾಗ ಜೋಳದ್ದು. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳ ಕೊಡುವ ಏರ್ಪಾಡು ಇದೆ, ಸಿಕ್ಕಾಗ ಬಿಡಬಾರದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನವಣೆ, ಸಾಮೆ, ಊದಲುಗಳಿಗೆ ನಗರದಲ್ಲಿ ಬೆಲೆ ಬಂದಿದೆ. ಬೆಳೆದವರಿಗೆ ಅದರ ಪಾಲು ಸಿಕ್ಕರೆ ಒಳ್ಳೆಯದೇ, ಆದರೆ ಕೈಬಿಗಿ ಇರುವ ಮನೆ ಅವುಗಳ ಹಿಂದೆ ಓಡಬೇಕಾಗಿಲ್ಲ. ರಾಗಿ, ಜೋಳ, ಸಜ್ಜೆಯಲ್ಲೂ ನಾರು, ಕಬ್ಬಿಣ, ಮೆಗ್ನೀಸಿಯಂ ಸಾಕಷ್ಟಿವೆ. ಸಿರಿಧಾನ್ಯದ ಹೆಸರು ಹೊತ್ತ ಬಿಸ್ಕತ್ತು, ನೂಡಲ್ಸ್‌ಗಳಲ್ಲಿ ಮೈದಾ ಎಷ್ಟಿದೆ ಎಂದು ಪೊಟ್ಟಣದ ಹಿಂಬದಿ ನೋಡಿಯೇ ತಿಳಿಯಬೇಕು.

ಇನ್ನು ಸೊಪ್ಪು ಮತ್ತು ಕಾಳು. ಕಡಿಮೆ ದುಡ್ಡಿನಲ್ಲಿ ಗಟ್ಟಿ ಊಟ ಎಂಬ ಪ್ರಶ್ನೆಗೆ ಹಳೆ ಮೈಸೂರು ಸೀಮೆಯ ಅಡುಗೆಮನೆ ಕಂಡುಕೊಂಡ ಉತ್ತರ ಇದೇ ಜೋಡಿ. ದಂಟು, ಕೀರೆ, ಅರಿವೆ, ಸಬ್ಬಸಿಗೆ, ಚಕ್ಕೋತ, ಹೊನಗೊನೆ, ಗಣಿಕೆ, ನುಗ್ಗೆ, ಬಸಳೆ, ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪು. ಇಷ್ಟು ಬಗೆಯ ಹಸಿರು ಇಷ್ಟು ಅಗ್ಗಕ್ಕೆ ಸಿಗುವ ನಾಡಿನಲ್ಲಿ ಪರದೇಶದ ಕೇಲ್ ಸೊಪ್ಪಿಗೆ ದುಡ್ಡು ಸುರಿಯುವುದು ಶೋಕಿ. ಕಾಳಿನಲ್ಲಿ ಹುರುಳಿ, ಅಲಸಂದೆ, ಹೆಸರು, ಕಡಲೆ, ಅವರೆ. ಇವುಗಳ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಪ್ರೋಟೀನು. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕೊರತೆಯಾಗುವ ಮಿಥಿಯೊನಿನ್ ಧಾನ್ಯದಲ್ಲಿ ಸಿಗುತ್ತದೆ. ಮುದ್ದೆ-ಹುರುಳಿ ಸಾರು, ರೊಟ್ಟಿ-ಹೆಸರುಕಾಳು ಪಲ್ಯ, ಇಡ್ಲಿಯೊಳಗಿನ ಅಕ್ಕಿ-ಉದ್ದು ಎಲ್ಲ ಕಡೆಯೂ ಇದೇ ಲೆಕ್ಕ ಕೂತಿದೆ.

ಸೊಪ್ಪು-ಕಾಳು ಬಸಿದು ಮಾಡುವ ಬಸ್ಸಾರನ್ನು ಹತ್ತಿರದಿಂದ ನೋಡಿದರೆ ಈ ಜೋಡಿಯ ಮಿತವ್ಯಯ ಕಾಣುತ್ತದೆ. ಒಂದು ಪಾವು ಅಲಸಂದೆ ಅಥವಾ ಹೆಸರುಕಾಳನ್ನು ನೀರು ಹೆಚ್ಚಾಗಿಟ್ಟು ಬೇಯಿಸುತ್ತಾರೆ. ಕಾಳು ಮುಕ್ಕಾಲು ಬೆಂದಾಗ ಎರಡು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಬಿದ್ದು ಒಂದು ಕುದಿ ಬಂದ ಮೇಲೆ ಇಳಿಸಿ ಬಸಿಯುತ್ತಾರೆ. ಕೆಳಗಿನ ಪಾತ್ರೆಗೆ ಬಿದ್ದ ಕಟ್ಟನ್ನು ಚೆಲ್ಲುವ ಪ್ರಶ್ನೆಯೇ ಇಲ್ಲ. ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ಒಂದು ಚೂರು ಹುಣಸೆ, ಒಂದಿಷ್ಟು ಕಾಯಿತುರಿ, ಜೊತೆಗೆ ಬೆಂದ ಸೊಪ್ಪುಕಾಳಿನದೇ ಒಂದು ಹಿಡಿ ಸೇರಿಸಿ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರಾಯಿತು. ಬಸಿಯುವ ಜಾಲರಿಯಲ್ಲಿ ಉಳಿದ ಸೊಪ್ಪು-ಕಾಳಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ, ಮೇಲೆ ಕಾಯಿ ಉದುರಿಸಿದರೆ ಪಲ್ಯ. ಒಂದೇ ಒಲೆ, ಎರಡು ಅಡುಗೆ. ನೀರಿನಲ್ಲಿ ಕರಗಿ ಹೋಗುವ ಬಿ ಗುಂಪಿನ ಜೀವಸತ್ವ, ಪೊಟ್ಯಾಸಿಯಂನಂಥ ಲವಣ ಮೋರಿಗೆ ಹೋಗದೆ ಸಾರಿನಲ್ಲೇ ಉಳಿಯುತ್ತವೆ. ನಾಲ್ಕು ಜನರ ಒಂದು ದಿನದ ಕಾಳಿನ ಪಾಲು, ಸೊಪ್ಪಿನ ಪಾಲು ಎರಡೂ ಮುಕ್ಕಾಲುಪಾಲು ಇಲ್ಲೇ ಮುಗಿಯುತ್ತವೆ. ಮರುದಿನಕ್ಕೆ ಸಾರು ಇನ್ನೂ ರುಚಿ ಎನ್ನುವವರದೇ ಬಹುಮತ.

ಉತ್ತರ ಕರ್ನಾಟಕದ ಊಟ ಬೇಯಿಸದೆಯೇ ಉಳಿಸುತ್ತದೆ. ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ. ಅದರ ಮೇಲೆ ಅಗಸಿ, ಗುರೆಳ್ಳು, ಶೇಂಗಾ ಹಿಂಡಿ. ಗ್ಯಾಸೂ ಬೇಡ, ಸಿ ಜೀವಸತ್ವ ಬೆಂದು ಹೋಗುವ ಚಿಂತೆಯೂ ಇಲ್ಲ. ಅಗಸೆಯಲ್ಲಿ ಒಮೆಗಾ-3 ಕೊಬ್ಬು ಇದೆ ಎಂದು ಮಾತ್ರೆಯ ರೂಪದಲ್ಲಿ ಮಾರುವ ಕಾಲದಲ್ಲಿ ಈ ಚಟ್ನಿಪುಡಿಯ ಡಬ್ಬಿ ಒಂದು ವರವೇ ಸರಿ.

ಕರಾವಳಿಯಲ್ಲಿ ಒಮೆಗಾ-3 ಬೂತಾಯಿ, ಬಂಗುಡೆಯಲ್ಲಿ ಸಿಗುತ್ತದೆ. ಅಂಜಲ್, ಪಾಂಫ್ರೆಟ್‌ಗೆ ಕೊಡುವ ದುಡ್ಡಿನ ಸಣ್ಣ ಪಾಲಿನಲ್ಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಮೀನಿಗೆ ಬೆಲೆ ಏರುತ್ತದೆ. ಒಣಮೀನಿನ ಪದ್ಧತಿ ಬೆಳೆದದ್ದು ಇಂಥ ಮಳೆಗಾಲಕ್ಕೆಂದೇ. ಉಪ್ಪು ಮಾತ್ರ ನೋಡಿಕೊಂಡು ಬಳಸಬೇಕು. ಮಾಂಸ ತಿನ್ನುವವರಿಗೆ ಮೊಟ್ಟೆಯಷ್ಟು ಸುಲಭದ ಪ್ರೋಟೀನು ಇನ್ನೊಂದಿಲ್ಲ, ಒಂದರಲ್ಲಿ ಆರು ಗ್ರಾಂ. ನಾಟಿ ಮೊಟ್ಟೆಗೆ ದುಪ್ಪಟ್ಟು ಕೊಟ್ಟರೆ ರುಚಿ ಸಿಗಬಹುದು, ಪ್ರೋಟೀನು ದುಪ್ಪಟ್ಟಾಗುವುದಿಲ್ಲ. ಹಾಲಿನ ಬಾಬ್ತಿನಲ್ಲಿ ಉಳಿತಾಯ ಸಣ್ಣದು ಆದರೆ ದಿನನಿತ್ಯದ್ದು: ಮೊಸರನ್ನು ಮನೆಯಲ್ಲೇ ಹೆಪ್ಪು ಹಾಕುವುದು, ಉಳಿದದ್ದನ್ನು ಮಜ್ಜಿಗೆ ಮಾಡುವುದು, ಸುವಾಸನೆ ಬೆರೆಸಿದ ಮೊಸರಿನ ಕಪ್‌ಗಳನ್ನು ಫ್ರಿಜ್ಜಿನಲ್ಲೇ ಬಿಟ್ಟು ಬರುವುದು.

ಪೊಟ್ಟಣದ ಸಾಮಾನು ಕೊಳ್ಳುವಾಗ ಎಂಆರ್‌ಪಿಗಿಂತ ಅದರ ಪಕ್ಕದ ಸಣ್ಣ ಅಕ್ಷರ ಮುಖ್ಯ. ಕಾನೂನು ಮಾಪನಶಾಸ್ತ್ರದ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಒಂದು ಗ್ರಾಂಗೆ ಅಥವಾ ಒಂದು ಕೆ.ಜಿ.ಗೆ ಎಷ್ಟು ಬೆಲೆ ಬೀಳುತ್ತದೆ ಎಂಬುದನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ದೊಡ್ಡ ಪೊಟ್ಟಣವೇ ಅಗ್ಗ ಎಂಬ ನಂಬಿಕೆ ಎಷ್ಟೋ ಸಲ ಸುಳ್ಳಾಗುವುದು ಈ ಸಾಲಿನಲ್ಲೇ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲ ಮೂರರಲ್ಲಿ ಸಕ್ಕರೆ, ಮೈದಾ, ಪಾಮ್ ಎಣ್ಣೆ ಕಂಡರೆ ಮುಂಬದಿಯ ಬಾದಾಮಿ ಚಿತ್ರಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂದೇ ಅರ್ಥ. ಬೆಳಗಿನ ತಿಂಡಿಯ ಸಿಹಿ ಸೀರಿಯಲ್ ಬದಲು ಅವಲಕ್ಕಿ, ಹುರಿಹಿಟ್ಟು; ಸಂಜೆಯ ಬಿಸ್ಕತ್ತಿನ ಬದಲು ಹುರಿಗಡಲೆ, ಬೇಯಿಸಿದ ಕಡಲೆಕಾಯಿ, ಮಂಡಕ್ಕಿ. ಇಪ್ಪತ್ತೆಂಟು ರೂಪಾಯಿಯ ಆ ಬಾಬ್ತು ಇಳಿಯುವುದು ಇಲ್ಲಿ. ಒಂದೇ ತಿಂಗಳಲ್ಲಿ ಎಲ್ಲ ಬಿಡಿಸಹೊರಟರೆ ಮಕ್ಕಳು ದಂಗೆ ಎದ್ದಾರು. ಒಂದೊಂದಾಗಿ ಬದಲಿಸುವುದು ಜಾಣತನ.

ತಂದದ್ದನ್ನು ಕೊಳೆಯಲು ಬಿಟ್ಟರೆ ಅಗ್ಗದ ತರಕಾರಿಯೂ ದುಬಾರಿಯೇ. ಸೊಪ್ಪನ್ನು ತೊಳೆದು ಇಡಬಾರದು. ಬೇರು ಕತ್ತರಿಸಿ, ಹಳದಿ ಎಲೆ ತೆಗೆದು, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಬಳಸುವ ಮುಂಚೆ ತೊಳೆದರೆ ನಾಲ್ಕು ದಿನ ನಡೆಯುತ್ತದೆ. ಹಸಿಮೆಣಸಿನ ತೊಟ್ಟು ಕಿತ್ತಿಟ್ಟರೆ ಎರಡು ವಾರ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ. ಎರಡಕ್ಕೂ ಗಾಳಿ ಬೇಕು, ಜೊತೆಗಿದ್ದರೆ ಬೇಗ ಕೆಡುತ್ತವೆ. ಹಣ್ಣಾಗುತ್ತಿರುವ ಬಾಳೆ, ಮಾವಿನಿಂದ ಎಥಿಲೀನ್ ಅನಿಲ ಹೊರಡುವುದರಿಂದ ಅವುಗಳ ಪಕ್ಕದ ಸೊಪ್ಪು, ಸೌತೆ ಹಳದಿಗೆ ತಿರುಗುತ್ತವೆ. ದಕ್ಷಿಣ ಕನ್ನಡದ ಮನೆಗಳಲ್ಲಿ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡ್ಡಕ್ಕೆ ತೂಗುಹಾಕುತ್ತಿದ್ದರು. ಒಂದಕ್ಕೊಂದು ತಾಗದೆ, ನೆಲದ ತೇವ ಸೋಕದೆ ಅವು ಮಳೆಗಾಲವಿಡೀ ಉಳಿಯುತ್ತಿದ್ದವು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದೂ ಅದೇ ಊರಿನ ವಿದ್ಯೆ.

ಬಿಸಾಡುವುದರಲ್ಲೂ ಊಟ ಇದೆ. ಹೀರೆಕಾಯಿ ಸಿಪ್ಪೆಯ ಚಟ್ನಿ, ಬಾಳೆಕಾಯಿ ಸಿಪ್ಪೆಯ ಪಲ್ಯ, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ಮೂಲಂಗಿ ಮತ್ತು ನವಿಲುಕೋಸಿನ ಎಲೆ, ಹಲಸಿನ ಬೀಜದ ಸಾಂಬಾರು, ದಾಳಿಂಬೆ ಸಿಪ್ಪೆಯ ತಂಬುಳಿ. ಬಾಳೆಗೊನೆ ಕಡಿದ ಗಿಡದಿಂದ ದಿಂಡು, ಹೂವು ಎರಡೂ ಪಲ್ಯಕ್ಕೆ ಬರುತ್ತವೆ. ಅಂಗಡಿಯವರು ಮೂಲಂಗಿಯ ಎಲೆ ಕಿತ್ತು ರಾಶಿ ಹಾಕುವುದನ್ನು ನೋಡಿದರೆ ಸಂಕಟವಾಗುತ್ತದೆ. ಗಡ್ಡೆಗಿಂತ ಎಲೆಯಲ್ಲೇ ಪೌಷ್ಟಿಕಾಂಶ ಹೆಚ್ಚು, ಕೇಳಿದರೆ ಪುಕ್ಕಟೆ ಕೊಟ್ಟಾರು.

ಈ ಎಲ್ಲ ಉಳಿತಾಯಕ್ಕೂ ಬೆಲೆ ಇದೆ. ಅದು ಹೊತ್ತು. ಸೊಪ್ಪು ಬಿಡಿಸುವುದು, ಅವರೆ ಸುಲಿಯುವುದು, ಕಾಳು ನೆನೆಹಾಕಿ ಮೊಳಕೆ ಕಟ್ಟುವುದು, ರಾಗಿ ಆರಿಸುವುದು ತಾನಾಗಿ ಆಗುವ ಕೆಲಸಗಳಲ್ಲ, ಮತ್ತು ಹೆಚ್ಚಿನ ಮನೆಗಳಲ್ಲಿ ಅವು ಒಬ್ಬಳ ತಲೆಯ ಮೇಲೇ ಬೀಳುತ್ತವೆ. ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ ಹಿಡಿಯಬೇಕಾದವಳಿಗೆ ಬಸ್ಸಾರಿನ ಮಹಿಮೆ ಹೇಳುವುದು ಸುಲಭ. ಸೊಪ್ಪು ಬಿಡಿಸಲು ಟಿವಿ ಮುಂದೆ ಕೂತವರೆಲ್ಲ ಕೈಹಾಕಿದರೆ ಅರ್ಧ ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಭಾನುವಾರ ಒಮ್ಮೆಗೇ ಕಾಳು ನೆನೆಸಿ, ಬೇಯಿಸಿ, ಮೂರು ಡಬ್ಬಿಗೆ ಹಂಚಿ ಫ್ರೀಜರಿನಲ್ಲಿಡುವುದು, ಸಾರಿನಪುಡಿ ತಿಂಗಳಿಗೊಮ್ಮೆ ಮಾಡಿಡುವುದು, ಕುಕ್ಕರಿನಲ್ಲಿ ಕಾಳಿನ ಮೇಲೆಯೇ ತರಕಾರಿಯ ಡಬ್ಬಿ ಇಡುವುದು ವಾರದ ದಿನಗಳ ಭಾರ ಇಳಿಸುತ್ತವೆ.

ಕೆಲವು ಕಡೆ ಉಳಿಸಲೇಬಾರದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಹಾನಿಕರ ವಸ್ತುಗಳು ಹುಟ್ಟುತ್ತವೆ. ಹಪ್ಪಳ ಕರಿದದ್ದನ್ನು ಒಗ್ಗರಣೆಗೆ ಒಂದೆರಡು ದಿನದಲ್ಲಿ ಮುಗಿಸಿ, ಕಪ್ಪಾಗಿ ನೊರೆ ಬರುವ ಎಣ್ಣೆಯನ್ನು ಬಿಸಾಡಬೇಕು. ಹಸಿರಿಗೆ ತಿರುಗಿದ, ಮೊಳಕೆ ಒಡೆದ ಆಲೂಗಡ್ಡೆಯಲ್ಲಿ ಸೋಲನಿನ್ ಎಂಬ ವಿಷಾಂಶ ಸೇರಿಕೊಳ್ಳುತ್ತದೆ, ಅಗ್ಗವೆಂದು ತರಬಾರದು. ಅರಿಶಿನ, ಖಾರದಪುಡಿಗಳನ್ನು ಬಿಡಿಯಾಗಿ ಕೊಳ್ಳುವ ಬದಲು ಕೊಂಬು, ಮೆಣಸಿನಕಾಯಿ ತಂದು ಪುಡಿ ಮಾಡಿಸಿದರೆ ಬಣ್ಣ ಬೆರೆಸುವವರ ಕೈಗೆ ಸಿಗುವುದಿಲ್ಲ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಶೇಂಗಾದಲ್ಲಿ. ಸುಕ್ಕಾದ, ಕಪ್ಪುಹಿಡಿದ, ಬೂಸಲು ಬಂದ ಬೀಜದಲ್ಲಿ ಅಫ್ಲಾಟಾಕ್ಸಿನ್ ಇರಬಹುದು. ಯಕೃತ್ತಿನ ಕ್ಯಾನ್ಸರಿಗೆ ದಾರಿಮಾಡುವ ವಿಷ ಅದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಅಂಥದ್ದನ್ನು ಆರಿಸಿ ತೆಗೆದು ಎಸೆಯಬೇಕು. ದನಕ್ಕೂ ಹಾಕುವಂತಿಲ್ಲ, ಅದು ಹಾಲಿನ ಮೂಲಕ ಮನೆಗೇ ವಾಪಸು ಬರುತ್ತದೆ.